ಸನ್‌ಶೇಡ್ ದುರಸ್ತಿ: ಕಾನೂನಿನ ಲೆಕ್ಕಕ್ಕೆ ಸಿಗದ ಅಪಾಯ

ಕಾಸರಗೋಡು: ಮಳೆಗಾಲಕ್ಕೆ ಮುನ್ನ ಜಿಲ್ಲೆಯಲ್ಲಿ ಕಾಂಕ್ರೀಟ್ ದುರಸ್ತಿ ಕೆಲಸ ಬಿರುಸಾಗುತ್ತದೆ. ಕಡಲ ಕಡೆಯ ಉಪ್ಪುಗಾಳಿ ಮತ್ತು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಗೆ ಹಳೆಯ ತಾರಸಿ ಮನೆಗಳ ಕಬ್ಬಿಣದ ಸರಳು ತುಕ್ಕು ಹಿಡಿಯುವುದು ಅಚ್ಚರಿಯಲ್ಲ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಬಿರಿದು ಚಕ್ಕೆಯಾಗಿ ಉದುರುತ್ತದೆ. ಮನೆಯವರು ಮೇಸ್ತ್ರಿಗೆ ಹೇಳಿಕಳುಹಿಸುತ್ತಾರೆ. ಇಬ್ಬರು ಮೂವರು ಬಂದು ಎರಡು ದಿನದಲ್ಲಿ ಕೆಲಸ ಮುಗಿಸುತ್ತಾರೆ.

ಈ ಇಬ್ಬರು ಮೂವರ ಸುರಕ್ಷತೆ ಯಾರ ಹೊಣೆ? 1996ರ ಕಟ್ಟಡ ಕಾರ್ಮಿಕರ ಕಾಯಿದೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಅನ್ವಯವಾಗುತ್ತಿತ್ತು. ಸ್ವಂತ ವಾಸದ ಮನೆಯಾದರೆ 10 ಲಕ್ಷ ರೂ. ವರೆಗಿನ ಕೆಲಸಕ್ಕೆ ವಿನಾಯಿತಿಯೂ ಇತ್ತು. 2025 ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಹತ್ತರ ಮಿತಿ ಉಳಿದಿದೆ. ಸ್ವಂತ ಮನೆಯ ವಿನಾಯಿತಿ ಮಾತ್ರ 50 ಲಕ್ಷಕ್ಕೆ ಏರಿದೆ. ಅಂದರೆ ಸನ್‌ಶೇಡ್ ದುರಸ್ತಿ ಹಿಂದೆಯೂ ಹೊರಗೆ, ಈಗಲೂ ಹೊರಗೆ. ಕ್ಷೇಮನಿಧಿಯಲ್ಲಿ ಹೆಸರಿದ್ದವರಿಗೆ ನೆರವು ಸಿಗಬಹುದಾದರೂ ಅದು ಅವಘಡ ನಡೆದ ಮೇಲಿನ ಮಾತು.

ಸಣ್ಣ ಕೆಲಸ ಎಂದು ಕರೆದರೂ ಅಪಾಯ ಸಣ್ಣದಲ್ಲ. ಗೋಡೆಯಿಂದ ಹೊರಚಾಚಿದ ಸನ್‌ಶೇಡಿನ ಭಾರ ಹೊರುವ ಸರಳುಗಳು ಇರುವುದು ಅದರ ಮೇಲ್ಭಾಗದಲ್ಲಿ. ಮೇಲಿನಿಂದ ಒಡೆಯುತ್ತಾ ಹೋದರೆ ಅವುಗಳ ಹಿಡಿತವೇ ತಪ್ಪುತ್ತದೆ. ಅದೇ ಸನ್‌ಶೇಡಿನ ಮೇಲೆ ನಿಂತು ಬ್ರೇಕರ್ ಹಿಡಿಯುವವರಿದ್ದಾರೆ! ಕೆಳಗಿನಿಂದ ಕಬ್ಬಿಣದ ಜಾಕಿ ಕೊಟ್ಟು, ಅಟ್ಟಣಿಗೆ ಕಟ್ಟಿ, ಅದರ ಮೇಲೆ ನಿಂತೇ ಒಡೆಯಬೇಕು. ಕೆಳಗೆ ಜನ ಓಡಾಡದಂತೆ ಹಗ್ಗ ಕಟ್ಟಬೇಕು. ತೊಲೆ, ಕಂಬಗಳಾದರೆ ಜಾಕಿ ಎಲ್ಲಿ ಕೊಡಬೇಕು, ಎಷ್ಟು ಒಡೆಯಬಹುದು ಎಂಬುದನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಇಂಜಿನಿಯರರನ್ನು ಕೇಳುವುದೇ ಸರಿ. ಕಂಬ ಕುಸಿದರೆ ಬೀಳುವುದು ಚಕ್ಕೆಯಲ್ಲ, ಇಡೀ ತಾರಸಿ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಧೂಳಿನದು. ಜಲ್ಲಿ, ಮರಳಿನಲ್ಲಿರುವ ಸಿಲಿಕಾ ಗ್ರೈಂಡರ್ ಹಚ್ಚಿದಾಗ ಅತಿ ಸೂಕ್ಷ್ಮ ಪುಡಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ವರ್ಷಗಳ ಬಳಿಕ ಕಾಣಿಸುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಮೂಗಿಗೆ ಕಟ್ಟಿದ ತೋರ್ತು ಈ ಧೂಳನ್ನು ತಡೆಯದು. ಎನ್-95 ಮಾಸ್ಕ್ ಬೇಕು. ನೀರು ಚಿಮುಕಿಸಿ ಒಡೆದರೆ ಧೂಳು ಬಹಳಷ್ಟು ಕುಗ್ಗುತ್ತದೆ. ಆದರೆ ನೀರು ಬಂದಲ್ಲಿ ಕರೆಂಟಿನ ಭಯವೂ ಬಂತು. ಅಲ್ಲಲ್ಲಿ ಟೇಪ್ ಸುತ್ತಿದ ವಯರನ್ನು ದೂರವಿಟ್ಟು, 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಇರುವ ಲೈನಿನಿಂದಲೇ ಯಂತ್ರ ನಡೆಸಬೇಕು.

ತೇಪೆ ಹಾಕುವ ಹಂತದಲ್ಲಿ ಎಚ್ಚರ ಇನ್ನೂ ಕಡಿಮೆ. ಹಸಿ ಸಿಮೆಂಟ್ ತೀವ್ರ ಕ್ಷಾರ, ಪಿಎಚ್ 12ಕ್ಕೂ ಮೇಲೆ. ಬರಿಗೈಯಲ್ಲಿ ಕಲಸಿದವನಿಗೆ ಒಡನೆ ಉರಿ ಗೊತ್ತಾಗುವುದಿಲ್ಲ. ಸಂಜೆ ಕೈ ತೊಳೆಯುವ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಇದು ತಪ್ಪುತ್ತದೆ. ತಲೆಯ ಮೇಲ್ಗಡೆ ತೇಪೆ ಹಾಕುವಾಗ ಕನ್ನಡಕವೂ ಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ ಕನಿಷ್ಠ 20 ನಿಮಿಷ ಶುದ್ಧ ನೀರು ಹಾಯಿಸಿ ಆಸ್ಪತ್ರೆಗೆ ಹೋಗಬೇಕು.

ವಿಪರ್ಯಾಸವೆಂದರೆ ಇವೆಲ್ಲ ದುಬಾರಿ ವಸ್ತುಗಳಲ್ಲ. ಜಾಕಿ ಬಾಡಿಗೆಗೆ ಸಿಗುತ್ತದೆ, ಗ್ಲೌಸ್ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಆದರೆ ಮೇಸ್ತ್ರಿ ಕೊಡುವ ಅಂದಾಜು ಚೀಟಿಯಲ್ಲಿ ಸಿಮೆಂಟ್, ಮರಳು, ಕೂಲಿಗೆ ಮಾತ್ರ ಸಾಲು ಇರುತ್ತದೆ. ಜಾಕಿ, ಮಾಸ್ಕ್ ಸೇರಿಸಿ ಲೆಕ್ಕ ಕೊಟ್ಟವನ ಮೊತ್ತ ಹೆಚ್ಚಾಗುತ್ತದೆ. ಕೆಲಸ ಮತ್ತೊಬ್ಬನಿಗೆ ಹೋಗುತ್ತದೆ.