ಒಂದೇ ಗಂಟೆ, ನಾಲ್ಕು ಮನೆ

ನಾನು ಚಿಕ್ಕವನಾಗಿದ್ದಾಗ ನಾವಿದ್ದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ನಾಲ್ಕು ಮನೆಗೆ ಬೀದಿಬಾಗಿಲು ಒಂದೇ, ಕರೆಗಂಟೆಯೂ ಒಂದೇ. ಗಂಟೆಯಾದರೆ ನಾಲ್ಕೂ ಮನೆಯವರು ಇಣುಕಬೇಕು. “ನಮಗಲ್ಲ” ಎಂದು ಮೂವರು ಒಳಗೆ ಹೋಗುತ್ತಿದ್ದರು. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಇಂಥ ವಠಾರ ಅವರಿಗೆ ಗೊತ್ತಿರುತ್ತದೆ.

ಮೊನ್ನೆ ಮೊಮ್ಮಗಳು ಕೇಳಿದಳು: “ತಾತ, ಇಂಟರ್‌ನೆಟ್ಟಿಂದ ಚಿತ್ರ ಬಂತು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಅದು ದಾರಿ ಕಾಯ್ತಾ ಕೂತಿರುತ್ತಾ?”

ಇಲ್ಲ. ಪ್ರೊಸೆಸರ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನೆಟ್‌ವರ್ಕ್ ಕಾರ್ಡು ಗಂಟೆ ಒತ್ತುತ್ತದೆ. ಈ ಗಂಟೆಗೆ ಇಂಟರಪ್ಟ್ ಎಂದು ಹೆಸರು. 1981ರ ಐಬಿಎಂ ಪಿಸಿಯಲ್ಲಿ ಇಂಥ ಗಂಟೆಯ ತಂತಿಗಳು ಬರೀ 8. ಸಾಧನಗಳು ಹೆಚ್ಚಿದವು, ತಂತಿ ಸಾಲಲಿಲ್ಲ. ಮುಂದೆ ಬಂದ ಪಿಸಿಐ ಕಾರ್ಡುಗಳು ಒಂದೇ ತಂತಿಯನ್ನು ಹಂಚಿಕೊಂಡವು. ವಠಾರವೇ ಆಯಿತಲ್ಲ!

ಪ್ರತಿ ಸಾಧನವನ್ನು ನೋಡಿಕೊಳ್ಳುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ (ಬಸ್ಸಿನವರಲ್ಲ). ಗಂಟೆಯಾದರೆ ಲಿನಕ್ಸ್ ಆ ತಂತಿಯ ಎಲ್ಲ ಡ್ರೈವರ್‌ಗಳನ್ನೂ ಸರದಿಯಲ್ಲಿ ಕರೆಯುತ್ತದೆ. ಪ್ರತಿಯೊಂದೂ ತನ್ನ ಸಾಧನದ ರಿಜಿಸ್ಟರ್ ಓದಿ “ನನ್ನದು” ಅಥವಾ “ನನ್ನದಲ್ಲ” ಎನ್ನಬೇಕು. ನನ್ನದು ಎಂದವರು ಸಾಧನವನ್ನು ಸುಮ್ಮನಾಗಿಸಬೇಕು. ಅಲ್ಲಿಯವರೆಗೆ ಗಂಟೆ ನಿಲ್ಲುವುದಿಲ್ಲ.

ಕೆಲಸದಲ್ಲಿದ್ದಾಗ ನಾನೊಂದು ಕಾರ್ಡಿಗೆ ಡ್ರೈವರ್ ಬರೆದೆ. ರಿಜಿಸ್ಟರಿನಲ್ಲಿ ನೋಡಬೇಕಾದ ಬಿಟ್ಟನ್ನು ಬಿಟ್ಟು ಪಕ್ಕದ್ದನ್ನು ನೋಡಿದ್ದೆ. ಗಂಟೆ ಒತ್ತಿದ್ದು ನನ್ನದೇ ಕಾರ್ಡು, ಆದರೂ ನನ್ನ ಡ್ರೈವರ್ “ನನ್ನದಲ್ಲ” ಎಂದಿತು. ಅದೇ ತಂತಿಯಲ್ಲಿದ್ದ ನೆಟ್‌ವರ್ಕ್ ಕಾರ್ಡಿನ ಡ್ರೈವರೂ ಹಾಗೇ ಹೇಳಿತು. ಪಾಪ, ಅದು ಹೇಳಿದ್ದು ನಿಜ.

ಲಿನಕ್ಸ್ ಲೆಕ್ಕ ಇಡುತ್ತದೆ. 1,00,000 ಸಲ ಗಂಟೆಯಾಗಿ, 99,900ಕ್ಕೂ ಹೆಚ್ಚು ಸಲ ಯಾರೂ ತಮ್ಮದೆನ್ನದಿದ್ದರೆ ತಂತಿಯನ್ನೇ ಮುಚ್ಚಿ, ‘ನೋಬಡಿ ಕೇರ್ಡ್’ ಎಂದು ಬರೆದಿಡುತ್ತದೆ. ಯಾರೂ ವಿಚಾರಿಸಲಿಲ್ಲ, ಅಂತ. ತಂತಿ ಮುಚ್ಚಿದ ಮೇಲೆ ನೆಟ್‌ವರ್ಕ್ ಕಾರ್ಡೂ ಮೂಕವಾಯಿತು.

ನಾವೆಲ್ಲ ಅದರ ಡ್ರೈವರ್ ಬರೆದ ಹುಡುಗನನ್ನು ಬೈದೆವು. ಎರಡು ದಿನ ಅವನು ಊಟ ಬಿಟ್ಟು ತನ್ನ ತಪ್ಪು ಹುಡುಕಿದ. ಮೂರನೆಯ ದಿನ ಆ ಬರಹ ನನ್ನ ಕಣ್ಣಿಗೆ ಬಿತ್ತು. ನನ್ನ ಒಂದು ಸಾಲು ತಿದ್ದಿದೆ, ಎರಡೂ ಕಾರ್ಡು ಓಡಿದವು.

“ಆ ಅಣ್ಣನಿಗೆ ಹೇಳಿದ್ರಾ ತಾತ?” ಎಂದಳು ಮೊಮ್ಮಗಳು.

ಹೇಳಿದೆ, ಎಲ್ಲರೆದುರಿಗೇ. ಅವನು ಮಾತಾಡಲಿಲ್ಲ. ಡಬ್ಬಿ ತೆಗೆದು ಊಟಕ್ಕೆ ಕೂತ.