ಗೆದ್ದಲಿನ ಹೊಟ್ಟೆಯಲ್ಲೊಂದು ಅಡುಗೆಮನೆ

ಬಾಗಿಲುವಾಡಕ್ಕೆ ಗೆದ್ದಲು ಹಿಡಿದಾಗ ಮನೆಯ ಯಜಮಾನನು ಸೀಮೆಎಣ್ಣೆಯ ಡಬ್ಬಿಯನ್ನು ಹುಡುಕುತ್ತಾನೆಯೇ ಹೊರತು, ಒಣಮರವನ್ನು ತಿಂದು ಈ ಹುಳು ಬದುಕುವುದಾದರೂ ಹೇಗೆಂದು ಯೋಚಿಸುವುದಿಲ್ಲ. ಮರದ ಮುಖ್ಯಾಂಶ ಸೆಲ್ಯುಲೋಸ್. ಅದು ಸಕ್ಕರೆಯ ಅಣುಗಳೇ ಸರಪಳಿಯಾಗಿ ಬೆಸೆದುಕೊಂಡ ವಸ್ತು. ಆದರೆ ಆ ಬೆಸುಗೆಯನ್ನು ಬಿಡಿಸುವ ಶಕ್ತಿ ಮನುಷ್ಯನ ಜಠರಕ್ಕಿಲ್ಲ. ಮರದ ಹೊಟ್ಟನ್ನು ಎಷ್ಟು ತಿಂದರೂ ಅವನು ಹಸಿದೇ ಸಾಯಬೇಕು.

ಅಮೆರಿಕದ ಫಿಲಡೆಲ್ಫಿಯಾ ನಗರದ ಅಂಗರಚನಾಶಾಸ್ತ್ರಜ್ಞ ಜೋಸೆಫ್ ಲೀಡಿ ಅವರನ್ನು ಈ ಪ್ರಶ್ನೆ ಕಾಡಿತು. ಕಲ್ಲುಗಳ ಅಡಿಯಲ್ಲಿ ಹರಿದಾಡುವ ಗೆದ್ದಲುಗಳ ಆಹಾರ ಯಾವುದೆಂದು ತಿಳಿಯಲು ಅವರು ಒಂದರ ಕರುಳನ್ನು ಬಿಚ್ಚಿ ಸೂಕ್ಷ್ಮದರ್ಶಕದಡಿಯಲ್ಲಿಟ್ಟರು. ಅಲ್ಲಿ ಕಂಡದ್ದು ಒಂದು ಜಾತ್ರೆ! ಕೂದಲಿನಂಥ ಎಳೆಗಳನ್ನು ಬಡಿಯುತ್ತ ಈಜುವ ಏಕಕೋಶಜೀವಿಗಳು ಕಿಕ್ಕಿರಿದಿದ್ದುವು. 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೀಡಿ ಅವನ್ನು ಪರೋಪಜೀವಿಗಳೆಂದೇ ಕರೆದರು. ಗೆದ್ದಲು ದುಡಿದು ತಂದದ್ದಕ್ಕೆ ಬಾಯಿಹಾಕುವ ಬಿಟ್ಟಿ ಕೂಳಿನವರು ಎಂಬ ಕಳಂಕ ಅವಕ್ಕೆ ಅಂಟಿತು.

ಆ ಕಳಂಕವನ್ನು ತೊಳೆದವರು ಎಲ್. ಆರ್. ಕ್ಲೀವ್ಲೆಂಡ್. 1920ರ ದಶಕದಲ್ಲಿ ಅವರು ಗೆದ್ದಲುಗಳಿಗೆ ಹದವಾದ ಶಾಖ ಕೊಟ್ಟು ಕರುಳಿನ ಈ ಜೀವಿಗಳನ್ನು ಮಾತ್ರ ಕೊಂದರು. ಗೆದ್ದಲುಗಳು ಎಂದಿನಂತೆ ಮರವನ್ನು ತಿಂದುವು. ಆದರೂ ಕೆಲವೇ ವಾರಗಳಲ್ಲಿ ಉಪವಾಸದಿಂದ ಸತ್ತುವು. ಆ ಜೀವಿಗಳನ್ನು ಮತ್ತೆ ಕರುಳಿಗೆ ಸೇರಿಸಿದಾಗ ಬದುಕಿಕೊಂಡುವು. ಕಳ್ಳನೆಂದು ಶಂಕಿಸಿದವನೇ ಮನೆಯ ಅಡುಗೆಯವನಾಗಿದ್ದ!

ಅಡುಗೆಯ ಕ್ರಮವನ್ನು ಮುಂದೆ ರಾಬರ್ಟ್ ಹಂಗೇಟ್ ಬಿಡಿಸಿ ತೋರಿಸಿದರು. ಏಕಕೋಶಜೀವಿಗಳು ಮರದ ಚೂರುಗಳನ್ನು ನುಂಗಿ ಹುದುಗಿಸುತ್ತವೆ. ಸಕ್ಕರೆಯ ಒಂದು ಅಣುವಿನಿಂದ ಅಸಿಟಿಕ್ ಆಮ್ಲದ 2 ಅಣುಗಳು ಹುಟ್ಟುತ್ತವೆ. ವಿನಿಗರ್‌ಗೆ ಹುಳಿ ಕೊಡುವ ಈ ಆಮ್ಲವೇ ಗೆದ್ದಲಿನ ನಿಜವಾದ ಅನ್ನ. ಅದರೊಡನೆ ಇಂಗಾಲಾಮ್ಲ ವಾಯುವಿನ 2 ಅಣುಗಳೂ ಜಲಜನಕದ 4 ಅಣುಗಳೂ ಹೊರಬೀಳುತ್ತವೆ.

ಜಲಜನಕವೆಂದರೆ ಇಂಧನ. ಅದು ಗಾಳಿಗೆ ಸೇರಿದರೆ ಅಷ್ಟು ಶಕ್ತಿ ನಷ್ಟವಾದಂತೆಯೇ. ಹಸುವಿನ ಹೊಟ್ಟೆಯಲ್ಲಿ ಇಂಥ ಜಲಜನಕ ಬಹುಮಟ್ಟಿಗೆ ಮೀಥೇನ್ ಅನಿಲವಾಗಿ, ತೇಗಿನೊಡನೆ ಹೊರಟುಹೋಗುತ್ತದೆ. ಮರ ತಿನ್ನುವ ಗೆದ್ದಲು ಹೆಚ್ಚು ಜಿಪುಣ. ಅದರ ಕರುಳಿನ ಬ್ಯಾಕ್ಟೀರಿಯಾಗಳು ಆ 4 ಅಣು ಜಲಜನಕವನ್ನೂ 2 ಅಣು ಇಂಗಾಲಾಮ್ಲ ವಾಯುವನ್ನೂ ಕೂಡಿಸಿ ಮತ್ತೊಂದು ಅಣು ಅಸಿಟಿಕ್ ಆಮ್ಲವನ್ನು ಮಾಡಿಬಿಡುತ್ತವೆ. ಎರಡರ ಜಾಗದಲ್ಲಿ ಮೂರು! ಗೆದ್ದಲಿನ ಉಸಿರಾಟಕ್ಕೆ ಬೇಕಾದ ಇಂಧನದಲ್ಲಿ ಮೂರನೆಯ ಒಂದು ಪಾಲಿನವರೆಗೆ ಹೀಗೆ ಒದಗಬಲ್ಲುದೆಂದು 1986ರಲ್ಲಿ ಜಾನ್ ಬ್ರೆಜ್ನಾಕ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಇಷ್ಟೆಲ್ಲ ವ್ಯವಹಾರ ನಡೆಯುವುದು ಸುಮಾರು 1 ಘನ ಮಿಲಿಮೀಟರಿನ ಪುಟ್ಟ ಕರುಳಿನಲ್ಲಿ.

ಈ ಉಳಿತಾಯ ಮಾಡುವವರು ಯಾರು? 1999ರಲ್ಲಿ ಜ್ಯಾರೆಡ್ ಲೆಡ್‌ಬೆಟರ್ ಮತ್ತು ಸಂಗಡಿಗರು ಅವರಲ್ಲಿ ಕೆಲವರನ್ನು ಕರುಳಿನಿಂದ ಹೊರತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಅವು ಸುರುಳಿಯಾಕಾರದ ಸ್ಪೈರೋಕೀಟ್‌ಗಳು; ಸಿಫಿಲಿಸ್ ರೋಗವನ್ನು ತರುವ ಬ್ಯಾಕ್ಟೀರಿಯಾದ ದಾಯಾದಿಗಳು. ಕೆಟ್ಟ ಹೆಸರಿನ ವಂಶದಿಂದಲೇ ಎರಡನೆಯ ಅಡುಗೆಯವನೂ ಬಂದಿದ್ದ.

ಎಲ್ಲ ಗೆದ್ದಲುಗಳ ಸಂಸಾರವೂ ಹೀಗಿಲ್ಲ. ಕರ್ನಾಟಕದ ಹೊಲಗಳಲ್ಲಿ ಹುತ್ತ ಕಟ್ಟುವ ಗೆದ್ದಲುಗಳ ಕರುಳಿನಲ್ಲಿ ಈ ಈಜುವ ಜೀವಿಗಳಿಲ್ಲ. ಅವು ಹುತ್ತದೊಳಗೆ ಅಣಬೆಯ ತೋಟ ಬೆಳೆದು ಉಣ್ಣುತ್ತವೆ. ಕರುಳಿನಲ್ಲಿ ಅಡುಗೆಯವರನ್ನು ಇಟ್ಟುಕೊಂಡ ಗೆದ್ದಲಿಗಾದರೋ ಒಂದು ಕಷ್ಟವುಂಟು. ಪೊರೆ ಕಳಚುವಾಗಲೆಲ್ಲ ಕರುಳಿನ ಒಳಪದರದೊಡನೆ ಅಡುಗೆಯವರೂ ಹೊರಟುಹೋಗುತ್ತಾರೆ. ಆಗ ಅದು ಒಡನಾಡಿಯ ಗುದದಿಂದ ಒಸರುವ ಹನಿಯನ್ನು ಬೇಡಿ ಕುಡಿದು ಅವರನ್ನು ಮರಳಿ ಪಡೆಯಬೇಕು. ಬಳಗದಿಂದ ಅಗಲಿ ಒಂಟಿಯಾದ ಗೆದ್ದಲು, ಬಾಯ ತುಂಬ ಮರವಿದ್ದರೂ, ಹಸಿದೇ ಸಾಯುತ್ತದೆ.