ನಮ್ಮನ್ಯಾಗ ಏನೈತಿ ಕದಿಯಾಕ?

ಅಸೂಟಿಯ ನಮ್ಮ ಮನೆಗೆ ವೈಫೈ ಹಾಕಲು ಬಂದ ಹುಡುಗ ಪಾಸ್‌ವರ್ಡ್ ಏನಿಡಲಿ ಅಂತ ಕೇಳಲೇ ಇಲ್ಲ. ಅಪ್ಪನ ಮೊಬೈಲ್ ನಂಬರನ್ನೇ ಒತ್ತಿ, "ಮರೀಬಾರದಲ್ರೀ ಕಾಕಾ, ಅದಕ್ಕ" ಅಂದ. ಬದಲಿಸೋಣ ಅಂದರೆ ಅಪ್ಪನದು ಒಂದೇ ಮಾತು: "ನಮ್ಮನ್ಯಾಗ ಏನೈತಿ ಕದಿಯಾಕ?"

ಈ ಮಾತಿನ ಮೇಲೇ ನನ್ನ ತಕರಾರು.

ಕಳ್ಳನಿಗೆ ಬೇಕಿರುವುದು ನಿಮ್ಮ ತಿಜೋರಿಯಲ್ಲ, ನಿಮ್ಮ ಹೆಸರು. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮುಂಚೆ ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಅಲ್ಲಿದ್ದ ಅಮೆರಿಕದ ಪ್ರಜೆಯ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಿದ್ದು ಮಾತ್ರ ಆತ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲನ್ನೇ ಮೊದಲು ಬಡಿಯುತ್ತಾರೆ. ಅಂಥ ಬಾಗಿಲು ನಮ್ಮೂರಲ್ಲಿ ಒಬ್ಬ ರೈತನದಾದರೆ? ಕೆಲಸ ಬಿಟ್ಟು ಠಾಣೆಗೆ ಎಷ್ಟು ಸಲ ಓಡಾಡಬೇಕು?

ಮೊಬೈಲ್ ನಂಬರ್ ಪಾಸ್‌ವರ್ಡೇ ಅಲ್ಲ. ಊರಿಗೆಲ್ಲ ಗೊತ್ತಿರುವ ನಂಬರದು. ಗೊತ್ತಿಲ್ಲದವನಿಗೂ ಕಷ್ಟವಿಲ್ಲ. 6, 7, 8, 9ರಿಂದ ಶುರುವಾಗುವ ಹತ್ತಂಕಿ ನಂಬರುಗಳು ಹೆಚ್ಚೆಂದರೆ 400 ಕೋಟಿ. ನಿಮ್ಮ ಫೋನು ವೈಫೈಗೆ ಸೇರುವ ಕ್ಷಣದ ಸಂಕೇತವನ್ನು ಒಮ್ಮೆ ಹಿಡಿದುಕೊಂಡರೆ ಸಾಕು, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ನಂಬರು ಹಾಕಿ ನೋಡಬಲ್ಲದು. ಒಂದು ತಾಸಿನ ಮೇಲೆ ಆರೇಳು ನಿಮಿಷದ ಕೆಲಸ.

ಹಾಗಂತ ಸುಳ್ಳು ಹೆದರಿಕೆ ಬೇಡ. ವೈಫೈ ಹೊಕ್ಕ ಮಾತ್ರಕ್ಕೆ ನಿಮ್ಮ ಫೋನ್‌ಪೇ ಪಿನ್ ಸಿಗುವುದಿಲ್ಲ. ಅದಕ್ಕೆ ಬೇರೆಯದೇ ಬೀಗವಿದೆ. ನೆರೆಮನೆಯ ಹುಡುಗಿಗೆ ಪರೀಕ್ಷೆ ಅರ್ಜಿ ತುಂಬಲು ವೈಫೈ ಕೊಡುವುದೂ ತಪ್ಪಲ್ಲ. ಮಜ್ಜಿಗೆ ಹಂಚಿಕೊಂಡು ಬದುಕಿದ ಊರು ನಮ್ಮದು. ಅದಕ್ಕೆಂದೇ ಬಹಳಷ್ಟು ರೂಟರ್‌ಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದೆ. ಅದನ್ನು ಕೊಡಿ, ಮನೆಯದನ್ನಲ್ಲ.

ಈಗ ಮಾಡಬೇಕಾದ್ದು. ರೂಟರ್‌ನ ಸೆಕ್ಯುರಿಟಿ ಪುಟದಲ್ಲಿ 'ಡಬ್ಲ್ಯುಪಿಎ3' ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನು ಸೇರದಿದ್ದರೆ 'ಡಬ್ಲ್ಯುಪಿಎ2/ಡಬ್ಲ್ಯುಪಿಎ3', ಅದೂ ಇಲ್ಲದಿದ್ದರೆ 'ಡಬ್ಲ್ಯುಪಿಎ2 ಎಇಎಸ್'. 'ಡಬ್ಲ್ಯುಇಪಿ' ಮತ್ತು 'ಓಪನ್' ಮುಟ್ಟಬೇಡಿ; ಡಬ್ಲ್ಯುಇಪಿ ಬೀಗ 2001ರಲ್ಲೇ ಮುರಿದಿದೆ. 'ಡಬ್ಲ್ಯುಪಿಎಸ್' ಬಂದ್ ಮಾಡಿ. ಅದರ ಎಂಟಂಕಿ ಪಿನ್ ಹುಡುಕಲು ಸುಮಾರು 11,000 ಪ್ರಯತ್ನ ಸಾಕು ಎಂಬುದು 2011ರಲ್ಲೇ ಬಯಲಾಗಿದೆ. ರೂಟರ್ ಒಳಗೆ ಹೋಗುವ 'ಅಡ್ಮಿನ್' ಪಾಸ್‌ವರ್ಡನ್ನೂ ಬದಲಿಸಿ. ವೈಫೈ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬುತ್ತಿ, ಕುಂಟಿ, ಹಗೇವು, ಗಿರಮಿಟ್ಟು: ಇಂಥವು. ಇವನ್ನೇ ಇಡಬೇಡಿ, ನಿಮ್ಮವನ್ನು ಹುಡುಕಿ. ಅವ್ವನಿಗೂ ನೆನಪಿರುತ್ತದೆ.

ತಪ್ಪು ಅಪ್ಪನದಲ್ಲ. ತಿಂಗಳು ತಿಂಗಳು ದುಡ್ಡು ಎಣಿಸಿಕೊಳ್ಳುವವರು ಐದು ನಿಮಿಷ ಕೂತು ಇದನ್ನು ಮಾಡಿಕೊಡದೇ ಹೋಗುತ್ತಾರಲ್ಲ, ತಪ್ಪು ಅವರದು. ಬಾಗಿಲು ಕೂಡಿಸಿದ ಬಡಿಗೇರ ಚಿಲಕ ಹಾಕದೆ ಹೋದರೆ ಕೂಲಿ ಕೊಡುತ್ತೇವೆಯೇ? ಮುಂದಿನ ಸಲ ಆ ಹುಡುಗ ಬಂದಾಗ ಚಹಾ ಕೊಡಿ, ಕೂರಿಸಿ, "ಇಷ್ಟು ಮಾಡಿ ಹೋಗಪಾ, ಆಮ್ಯಾಲೆ ರೊಕ್ಕ" ಅನ್ನಿ.